ಬಿಆರ್‌ಸಿಎ ದೋಷ ಇರುವವರ ಸ್ತನ ಇಂಪ್ಲಾಂಟ್ ಮತ್ತು ಲಿಂಫೋಮಾ: ತೆಗೆಸಬೇಕೆ, ಇಟ್ಟುಕೊಳ್ಳಬೇಕೆ?

ಹೊಳೆದಂಡೆ, ಐಂಡ್‌ಹೋವನ್

ಎಲ್ಲರಿಗೂ ನಮಸ್ಕಾರ. ನನಗೀಗ 46 ವರ್ಷ. ಊರು ದಾವಣಗೆರೆಯ ಕಡೆ, ಮದುವೆಯಾದ ಮೇಲೆ ನೆದರ್ಲ್ಯಾಂಡ್ಸ್‌ಗೆ ಬಂದು ನೆಲೆಸಿದ್ದೇನೆ. ಅಮ್ಮ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡರು. ಚಿಕ್ಕಮ್ಮನಿಗೆ 40 ತುಂಬುವ ಮೊದಲೇ ಸ್ತನ ಕ್ಯಾನ್ಸರ್ ಬಂದಿತ್ತು. ಇಲ್ಲಿನ ವೈದ್ಯರು ಮನೆತನದ ಈ ಚರಿತ್ರೆ ಕೇಳಿ ರಕ್ತಪರೀಕ್ಷೆ ಮಾಡಿಸಿದಾಗ ನನ್ನಲ್ಲಿ ಬಿಆರ್‌ಸಿಎ 1 ವಂಶವಾಹಿಯ ದೋಷ, ಅಂದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ದೋಷ, ಇರುವುದು ಗೊತ್ತಾಯಿತು. 2013ರಲ್ಲಿ, ಕ್ಯಾನ್ಸರ್ ಬರುವ ಮೊದಲೇ, ಎರಡೂ ಸ್ತನಗಳನ್ನು ತೆಗೆಸಿ ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಡಿಸಿಕೊಂಡೆ. ಅಂದಿನಿಂದ ಇಂದಿನವರೆಗೆ ನೋವಿಲ್ಲ, ಊತವಿಲ್ಲ, ನಾನು ಆರೋಗ್ಯವಾಗಿದ್ದೇನೆ.

ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ, ಅಂದರೆ ಬಿಳಿರಕ್ತಕಣಗಳ ಕ್ಯಾನ್ಸರ್, ಬರುತ್ತದೆ ಎಂಬುದನ್ನು ಕೆಲವು ವರ್ಷಗಳ ಹಿಂದೆಯೇ ಓದಿದ್ದೆ. ಬಿಆರ್‌ಸಿಎ ದೋಷ ಇರುವವರಲ್ಲಿ ಆ ಅಪಾಯ ಇನ್ನೂ ಹೆಚ್ಚಿರಬಹುದು ಎಂಬ ಮಾತು ಮಾತ್ರ ನನ್ನ ಕಿವಿಗೆ ಬಿದ್ದದ್ದು ಈ ವರ್ಷ. ಅದೂ ಹೇಳಿದವರು ವೈದ್ಯರಲ್ಲ, ನನ್ನ ಹಾಗೆಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಬ್ಬ ಗೆಳತಿ. ಯಾವ ದೋಷದ ಭಯದಿಂದ ನಾನು ಇಂಪ್ಲಾಂಟ್ ಇಡಿಸಿಕೊಂಡೆನೋ, ಅದೇ ದೋಷ ಆ ಇಂಪ್ಲಾಂಟಿನ ಬಳಿಯೂ ನನಗಾಗಿ ಕಾದಿದೆಯೇ ಎಂದು ಯೋಚಿಸುತ್ತ ಹಲವು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೂ ಅದೇ ದೋಷವಿದೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಅವಳ ಶಸ್ತ್ರಚಿಕಿತ್ಸೆ ನಡೆಯಲಿದೆ. ಹೀಗಾಗಿ ನನ್ನವು ಎರಡು ಪ್ರಶ್ನೆಗಳು: ನಾನು ಇರುವುದನ್ನು ತೆಗೆಸಬೇಕೆ? ಅವಳು ಯಾವುದನ್ನು ಇಡಿಸಿಕೊಳ್ಳಬೇಕು, ಅಥವಾ ಇಡಿಸಿಕೊಳ್ಳಲೇಬೇಕೆ?

ರಕ್ತವೈದ್ಯ, ಬೆಂಗಳೂರು

ನಿಮ್ಮ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ಉತ್ತರಿಸುತ್ತೇನೆ. ಆದರೆ ನಿಮ್ಮನ್ನು ಪರೀಕ್ಷಿಸದೆ ನಾನು ಹೇಳುವುದು ನಿಮ್ಮ ವೈದ್ಯರ ಸಲಹೆಗೆ ಬದಲಿಯಾಗದು ಎಂಬುದು ನೆನಪಿರಲಿ.

ಈ ಕಾಯಿಲೆಯ ಪೂರ್ಣ ಹೆಸರು ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮಾ. ಇದು ಸ್ತನದ ಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರ್ ಅಲ್ಲ. ಇಂಪ್ಲಾಂಟಿನ ಸುತ್ತ ನಮ್ಮ ದೇಹವೇ ಕಟ್ಟಿಕೊಳ್ಳುವ ಪೊರೆಯೊಳಗೆ, ಬಿಳಿರಕ್ತಕಣಗಳ ಪೈಕಿ ಟಿ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಮೊದಲ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದದ್ದು 1997ರಲ್ಲಿ. 2011ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಮೊದಲ ಎಚ್ಚರಿಕೆ ನೀಡಿದಾಗ ಜಗತ್ತಿನಲ್ಲಿ ಗೊತ್ತಿದ್ದ ಪ್ರಕರಣಗಳು ಸುಮಾರು 60. ವಿಶ್ವ ಆರೋಗ್ಯ ಸಂಸ್ಥೆ ತನ್ನ ವರ್ಗೀಕರಣದಲ್ಲಿ 2016ರಲ್ಲಿ ಇದಕ್ಕೆ ತಾತ್ಕಾಲಿಕವಾಗಿ ಪ್ರತ್ಯೇಕ ಸ್ಥಾನ ಕೊಟ್ಟಿತು. 2019ರ ಜುಲೈ ವೇಳೆಗೆ ಎಫ್‌ಡಿಎ ಲೆಕ್ಕದಲ್ಲಿ ಜಗತ್ತಿನಾದ್ಯಂತ 573 ಪ್ರಕರಣಗಳು, 33 ಸಾವುಗಳು ದಾಖಲಾಗಿದ್ದವು. ಆ 573ರಲ್ಲಿ 481 ಪ್ರಕರಣಗಳು ಅಲರ್ಗನ್ ಕಂಪನಿಯ ಇಂಪ್ಲಾಂಟ್‌ಗಳಿಗೆ ಸಂಬಂಧಿಸಿದ್ದವು. ಅದೇ ತಿಂಗಳು ಆ ಕಂಪನಿ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನೂ, ಚರ್ಮ ಹಿಗ್ಗಿಸಲು ಮೊದಲಿಗೆ ಇಡುವ ಎಕ್ಸ್‌ಪಾಂಡರ್‌ಗಳನ್ನೂ ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಫ್ರಾನ್ಸ್ ಅದಕ್ಕೂ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ, ಹೆಚ್ಚು ಒರಟಾದ ಇಂಪ್ಲಾಂಟ್‌ಗಳನ್ನು ನಿಷೇಧಿಸಿತ್ತು.

ಎಕ್ಸ್‌ಪಾಂಡರ್ ಮಾತನ್ನು ಬೇಕೆಂದೇ ಎತ್ತಿದೆ. ಈಗ ನಯವಾದ ಇಂಪ್ಲಾಂಟ್ ಇರುವ ಮಹಿಳೆಯರಲ್ಲಿ ಎಷ್ಟೋ ಜನರಿಗೆ ಮೊದಲ ಕೆಲವು ತಿಂಗಳು ಒರಟು ಮೇಲ್ಮೈಯ ಎಕ್ಸ್‌ಪಾಂಡರ್ ಇಟ್ಟಿರುತ್ತಾರೆ, ಅವರಿಗೆ ಅದು ನೆನಪೇ ಇರುವುದಿಲ್ಲ. ರೋಗಿಯ ಹಿಂದಿನ ಇತಿಹಾಸ ಸ್ಪಷ್ಟವಾಗಿ ತಿಳಿದಿರುವ ಪ್ರಕರಣಗಳಲ್ಲಿ ಎಲ್ಲೋ ಒಂದು ಹಂತದಲ್ಲಿ ಒರಟು ಮೇಲ್ಮೈಯ ಸಂಪರ್ಕ ಬಂದೇ ಇರುತ್ತದೆ.

ಇನ್ನು ಲಕ್ಷಣ. ಇಂಪ್ಲಾಂಟ್ ಇಟ್ಟು ಸಾಮಾನ್ಯವಾಗಿ 7ರಿಂದ 10 ವರ್ಷಗಳ ನಂತರ ಒಂದು ಕಡೆಯ ಸ್ತನ ಇದ್ದಕ್ಕಿದ್ದಂತೆ ಊದಿಕೊಳ್ಳುತ್ತದೆ, ಯಾಕೆಂದರೆ ಪೊರೆಯೊಳಗೆ ನೀರು ತುಂಬಿರುತ್ತದೆ. ಕೆಲವರಲ್ಲಿ ಗಂಟು ಕಾಣಿಸುತ್ತದೆ. ಇಂಥ ಊತ ಬಂದಾಗ ಅಲ್ಟ್ರಾಸೌಂಡ್ ಮಾಡಿ, ಸೂಜಿಯಿಂದ ದ್ರವ ತೆಗೆದು, ಅದನ್ನು ಪ್ರಯೋಗಾಲಯಕ್ಕೆ ಕಳುಹಿಸುವಾಗ ಯಾವ ಅನುಮಾನದಿಂದ ಕಳುಹಿಸುತ್ತಿದ್ದೇವೆ ಎಂಬುದನ್ನು ಬರೆದು ಕಳುಹಿಸಬೇಕು. ಈ ಲಿಂಫೋಮಾದ ಕೋಶಗಳ ಮೇಲಿರುವ ಸಿಡಿ30 ಎಂಬ ಗುರುತನ್ನು ಹುಡುಕಿ ಎಂದು ಕೇಳದಿದ್ದರೆ ರೋಗ ತಪ್ಪಿಹೋಗುವ ಸಾಧ್ಯತೆ ಇದೆ. ಸೋಂಕು ಇರಬಹುದೆಂದು ಆಂಟಿಬಯೋಟಿಕ್ ಕೊಟ್ಟು, ತೆಗೆದ ದ್ರವವನ್ನು ಚೆಲ್ಲಿಬಿಡುವುದು ಈ ಕಾಯಿಲೆಯಲ್ಲಿ ನಡೆಯಬಾರದ ತಪ್ಪು. ರೋಗ ಪೊರೆಯೊಳಗೇ ಇರುವಾಗ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿಯಾಗಿ ತೆಗೆದರೆ ಬಹುಪಾಲು ಮಹಿಳೆಯರು ಕೀಮೋಥೆರಪಿ ಇಲ್ಲದೆಯೇ ಗುಣವಾಗುತ್ತಾರೆ. ಹರಡಿದ ಮೇಲೆ ಔಷಧ ಬೇಕಾಗುತ್ತದೆ, ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಅಂಥವುಗಳಲ್ಲೊಂದು.

ಲಕ್ಷಣವಿಲ್ಲದ ಮಹಿಳೆಯರು ಮುನ್ನೆಚ್ಚರಿಕೆಗಾಗಿ ತೆಗೆಸಿಕೊಳ್ಳಬೇಕೆಂದು ಎಫ್‌ಡಿಎ ಹೇಳಿಲ್ಲ.

ಸಂಪಿಗೆಮರ, ನ್ಯೂಜೆರ್ಸಿ

ಹೊಳೆದಂಡೆಯವರೇ, ನನಗೂ ಬಿಆರ್‌ಸಿಎ 2 ದೋಷವಿದೆ, ನನ್ನದೂ ಒರಟು ಮೇಲ್ಮೈಯ ಇಂಪ್ಲಾಂಟ್ ಆಗಿತ್ತು. 2020ರಲ್ಲಿ ತೆಗೆಸಿಬಿಟ್ಟೆ. ನನಗೂ ಯಾವ ಲಕ್ಷಣವೂ ಇರಲಿಲ್ಲ. ತೆಗೆಸುವ ಅಗತ್ಯವಿಲ್ಲ ಎಂಬ ಮಾತನ್ನು ನಾನು ಮೂವರು ವೈದ್ಯರಿಂದ ಕೇಳಿದ್ದೆ. ಆದರೆ ಆ ಮೂವರಲ್ಲಿ ಒಬ್ಬರೂ ನನ್ನ ವಂಶವಾಹಿಯ ಪ್ರಸ್ತಾಪ ಮಾಡಲಿಲ್ಲ. ಸೌಂದರ್ಯಕ್ಕಾಗಿ ಇಂಪ್ಲಾಂಟ್ ಇಡಿಸಿಕೊಂಡ ಸಾವಿರಾರು ಆರೋಗ್ಯವಂತ ಮಹಿಳೆಯರಿಗೆ ಹೇಳುವ ಅಂಕಿಯನ್ನೇ ನನಗೂ ಹೇಳಿದರು. ನನ್ನ ಹತ್ತಿರ ಇರುವ ಅಪಾಯವನ್ನು ನನ್ನದೇ ಅಂಕಿಯಲ್ಲಿ ಹೇಳಿ ಎಂದು ಕೇಳುವ ಹಕ್ಕು ನಮಗಿಲ್ಲವೇ? ನಾನು ಕೋಪದಿಂದ ಬರೆಯುತ್ತಿಲ್ಲ, ನೋವಿನಿಂದ ಬರೆಯುತ್ತಿದ್ದೇನೆ. ಎದೆ ಈಗ ಚಪ್ಪಟೆಯಾಗಿದೆ, ಮೊದಲ ಆರು ತಿಂಗಳು ಕನ್ನಡಿ ನೋಡುವುದು ಕಷ್ಟವಾಯಿತು, ಈಗ ಅಭ್ಯಾಸವಾಗಿದೆ.

ಛೇದ, ಮೈಸೂರು

ನಾನು ವೈದ್ಯನಲ್ಲ, ಸಂಖ್ಯಾಶಾಸ್ತ್ರ ಕಲಿಸುವವನು. ನನ್ನ ಅಕ್ಕನ ಕಾಯಿಲೆಯ ಸಮಯದಲ್ಲಿ ಈ ಅಧ್ಯಯನಗಳನ್ನು ಒಂದೊಂದಾಗಿ ಓದಬೇಕಾಗಿ ಬಂತು. ಸಂಪಿಗೆಮರ ಅವರು ಕೇಳಿದ ಪ್ರಶ್ನೆ ಅತ್ಯಂತ ನ್ಯಾಯವಾದದ್ದು, ಅದಕ್ಕೆ ಉತ್ತರ ಹುಡುಕುವಾಗ ಅಂಕಿಗಳು ಏಕೆ ಇಷ್ಟೊಂದು ಬೇರೆಬೇರೆಯಾಗಿ ಕಾಣುತ್ತವೆ ಎಂಬುದನ್ನು ಬಿಡಿಸಿ ಹೇಳಲು ಯತ್ನಿಸುತ್ತೇನೆ.

2018ರಲ್ಲಿ ಪ್ರಕಟವಾದ ಡಚ್ ಅಧ್ಯಯನ ಇಡೀ ದೇಶದ ರೋಗಶಾಸ್ತ್ರ ದಾಖಲೆಗಳನ್ನು ಜಾಲಾಡಿತು. ಇಂಪ್ಲಾಂಟ್ ಇರುವ ಮಹಿಳೆಗೆ 50 ವರ್ಷ ತುಂಬುವುದರೊಳಗೆ ಈ ಲಿಂಫೋಮಾ ಬರುವ ಸಾಧ್ಯತೆ 35,000ಕ್ಕೆ ಒಂದು, 70ರೊಳಗೆ 12,000ಕ್ಕೆ ಒಂದು, 75ರೊಳಗೆ 7,000ಕ್ಕೆ ಒಂದು ಎಂದು ಅದು ಅಂದಾಜಿಸಿತು. ಇದರ ಪಕ್ಕದಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಲೆಕ್ಕವನ್ನು ಇಡೋಣ. ಅಲ್ಲಿ ಒಬ್ಬರೇ ಶಸ್ತ್ರವೈದ್ಯರು 1992ರಿಂದ 2017ರವರೆಗೆ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಂದ ಸ್ತನ ಮರುರಚನೆ ಮಾಡಿದ 3,546 ಮಹಿಳೆಯರನ್ನು ದೀರ್ಘಕಾಲ ಗಮನಿಸುತ್ತ ಬಂದರು; 2020ರಲ್ಲಿ ವರದಿ ಮಾಡಿದಾಗ ಅಪಾಯ 355ಕ್ಕೆ ಒಂದು ಎಂದು ಕಂಡಿತು. 35,000 ಎಲ್ಲಿ, 355 ಎಲ್ಲಿ! ಮೊದಲ ಬಾರಿ ಓದಿದಾಗ ಒಂದು ಲೆಕ್ಕ ತಪ್ಪಿರಲೇಬೇಕು ಎಂದುಕೊಂಡೆ.

ಎರಡೂ ತಪ್ಪಲ್ಲ, ಛೇದ, ಅಂದರೆ ಯಾರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರು ಎಂಬುದು, ಬೇರೆ. ಡಚ್ ಅಧ್ಯಯನದ ಛೇದದಲ್ಲಿ ದೇಶದ ಎಲ್ಲ ಬಗೆಯ ಇಂಪ್ಲಾಂಟ್‌ಗಳೂ ಇದ್ದವು, ನಯವಾದವು, ಒರಟಾದವು, ಹೊಸದಾಗಿ ಇಡಿಸಿಕೊಂಡವು, ಎಲ್ಲವೂ. ನ್ಯೂಯಾರ್ಕ್‌ನಲ್ಲಿ ಛೇದದೊಳಗೆ ಇದ್ದವರೆಲ್ಲರೂ ಒರಟು ಮೇಲ್ಮೈಯವರು, ಎಲ್ಲರೂ ಮರುರಚನೆ ಮಾಡಿಸಿಕೊಂಡವರು. ಅಲ್ಲಿ ರೋಗ ಕಾಣಿಸಿಕೊಂಡವರಿಗೆ ಅದು ಬಂದದ್ದು ನಡುಮಟ್ಟದ ಲೆಕ್ಕದಲ್ಲಿ 11.5 ವರ್ಷಗಳ ನಂತರ. ಅಂದರೆ ಐದಾರು ವರ್ಷ ಮಾತ್ರ ಗಮನಿಸಿ ನಿಲ್ಲಿಸುವ ಯಾವ ಅಧ್ಯಯನವೂ ಅಪಾಯವನ್ನು ಕಡಿಮೆ ತೋರಿಸಿಯೇ ತೀರುತ್ತದೆ.

ಈಗ ವಂಶವಾಹಿಯ ಪ್ರಶ್ನೆ. 2020ರಲ್ಲಿ ಡಚ್ ಸಂಶೋಧಕರೇ ಇನ್ನೊಂದು ವರದಿ ತಂದರು: ಒರಟು ಮೇಲ್ಮೈಯ ಇಂಪ್ಲಾಂಟ್ ಇದ್ದು ಈ ಲಿಂಫೋಮಾ ಬಂದವರಲ್ಲಿ ಬಿಆರ್‌ಸಿಎ 1 ಅಥವಾ 2 ದೋಷ ಇರುವವರು ನಿರೀಕ್ಷೆಗಿಂತ ಹೆಚ್ಚಿದ್ದಾರೆ. ಇದನ್ನು ಓದಿದ ಕೂಡಲೇ ಯಾರಿಗಾದರೂ ಹೊಳೆಯಬೇಕಾದ ಆಕ್ಷೇಪವೊಂದಿದೆ. ಬಿಆರ್‌ಸಿಎ ದೋಷ ಇರುವವರೇ ಇತರರಿಗಿಂತ ಹೆಚ್ಚಾಗಿ ಇಂಪ್ಲಾಂಟ್ ಇಡಿಸಿಕೊಳ್ಳುತ್ತಾರೆ, ಎರಡೂ ಕಡೆ ಇಡಿಸಿಕೊಳ್ಳುತ್ತಾರೆ, ಚಿಕ್ಕ ವಯಸ್ಸಿನಲ್ಲೇ ಇಡಿಸಿಕೊಂಡು ಹೆಚ್ಚು ವರ್ಷ ಹೊತ್ತು ಬಾಳುತ್ತಾರೆ. ಕಾಳುಮೆಣಸಿನ ತೋಟಕ್ಕೆ ಹೆಚ್ಚು ಹೋಗುವವರಿಗೆ ಹೆಚ್ಚು ಜಿಗಣೆ ಹತ್ತುತ್ತದೆ. ಅದರಿಂದ ಅವರ ರಕ್ತ ಜಿಗಣೆಗೆ ಹೆಚ್ಚು ರುಚಿ ಎಂದು ಹೇಳಲಾಗದು. ಹೀಗಾಗಿ ಹೋಲಿಕೆ ನಡೆಯಬೇಕಾದದ್ದು ಇಂಪ್ಲಾಂಟ್ ಇರುವವರ ನಡುವೆಯೇ, ಅದರಲ್ಲೂ ಒಂದೇ ಬಗೆಯ ಇಂಪ್ಲಾಂಟನ್ನು ಸರಿಸುಮಾರು ಅಷ್ಟೇ ವರ್ಷ ಇಟ್ಟುಕೊಂಡವರ ನಡುವೆ. ನ್ಯೂಯಾರ್ಕ್‌ನ ಗುಂಪಿನಲ್ಲಿ ಇಂಥ ಹೋಲಿಕೆ ಸಾಧ್ಯವಾಯಿತು, ಯಾಕೆಂದರೆ ಅಲ್ಲಿ ಎಲ್ಲರಿಗೂ ಒರಟು ಇಂಪ್ಲಾಂಟ್ ಇತ್ತು. ಅಲ್ಲಿಯೂ ಬಿಆರ್‌ಸಿಎ ದೋಷ ಇರುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚಾಗಿ ಕಂಡಿತು.

ಆದರೆ ಹಲವು ಪಟ್ಟು ಎಂಬುದರ ಹಿಂದೆ ಇರುವ ರೋಗಿಗಳನ್ನು ಬೆರಳಿನಲ್ಲಿ ಎಣಿಸಬಹುದು. ಒಬ್ಬರು ಹೆಚ್ಚಾದರೆ ಅಥವಾ ಕಡಿಮೆಯಾದರೆ ಆ ಗುಣಾಕಾರ ದಿಢೀರನೆ ಏರುತ್ತದೆ, ಇಳಿಯುತ್ತದೆ. ನಾನು ದಿಕ್ಕನ್ನು ನಂಬುತ್ತೇನೆ, ಪ್ರಮಾಣವನ್ನು ಇನ್ನೂ ನಂಬುವುದಿಲ್ಲ. ಎರಡು ಬೇರೆ ದೇಶಗಳಲ್ಲಿ ಒಂದೇ ದಿಕ್ಕು ಕಂಡಿರುವುದರಿಂದ, ಬಿಆರ್‌ಸಿಎ ದೋಷ ಇರುವ ಮಹಿಳೆಗೆ ಈ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ತುಳಸಿಕಟ್ಟೆ, ಶಿರಸಿ

ಇಷ್ಟೆಲ್ಲ ಓದಿದ ಮೇಲೆ ನನಗನಿಸುವುದು ಸಿಲಿಕೋನ್ ಎಂಬುದೇ ವಿಷ, ಇರುವವರೆಲ್ಲರೂ ಕೂಡಲೇ ತೆಗೆಸಿಕೊಳ್ಳುವುದೇ ಒಳ್ಳೆಯದು ಎಂದು.

ರಕ್ತವೈದ್ಯ, ಬೆಂಗಳೂರು

ತುಳಸಿಕಟ್ಟೆಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇಲ್ಲಿ ದೋಷ ಒಳಗಿನ ಸಿಲಿಕೋನಿನದಲ್ಲ. ಒಳಗೆ ಉಪ್ಪುನೀರು ತುಂಬಿದ ಇಂಪ್ಲಾಂಟ್‌ಗಳ ಸುತ್ತಲೂ ಈ ಲಿಂಫೋಮಾ ಬಂದಿದೆ. ವ್ಯತ್ಯಾಸ ಇರುವುದು ಹೊರಮೈಯಲ್ಲಿ. ಇಂಪ್ಲಾಂಟ್ ಜಾರದೆ ಒಂದೆಡೆ ನಿಲ್ಲಲಿ, ಸುತ್ತಲಿನ ಪೊರೆ ಗಟ್ಟಿಯಾಗಿ ಬಿಗಿಯದಿರಲಿ ಎಂಬ ಸದುದ್ದೇಶದಿಂದಲೇ ಒರಟು ಮೇಲ್ಮೈ ತಯಾರಾಯಿತು. ಆ ಒರಟಿನ ಸಂದುಗಳಲ್ಲಿ ಬ್ಯಾಕ್ಟೀರಿಯಾಗಳ ತೆಳುಪದರ ಕಟ್ಟಿಕೊಂಡು, ದೇಹ ವರ್ಷಗಟ್ಟಲೆ ಅದರೊಂದಿಗೆ ಸೆಣಸುತ್ತ ಉರಿಯೂತದಲ್ಲಿರುತ್ತದೆ ಎಂಬುದು ಒಂದು ಊಹೆ. ಉಜ್ಜಾಟದಿಂದ ಉದುರುವ ಕಣಗಳೇ ಕಾರಣ ಎಂಬುದು ಇನ್ನೊಂದು. ಎರಡರಲ್ಲೂ ತಿರುಳು ಒಂದೇ: ಟಿ ಕೋಶಗಳು ಬಹುಕಾಲ ಎಡೆಬಿಡದೆ ವಿಭಜನೆಯಾಗುತ್ತಲೇ ಇರುತ್ತವೆ.

ಬಿಆರ್‌ಸಿಎ ಇಲ್ಲಿ ಪ್ರವೇಶಿಸುತ್ತದೆ. ಈ ಎರಡು ವಂಶವಾಹಿಗಳ ಕೆಲಸವೆಂದರೆ, ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ತುಂಡಾದಾಗ ಅವುಗಳನ್ನು ತಪ್ಪಿಲ್ಲದೆ ಬೆಸೆಯುವುದು. ಕೋಶ ಹೆಚ್ಚು ಬಾರಿ ವಿಭಜನೆಯಾದಷ್ಟೂ ತುಂಡಾಗುವ ಸಂದರ್ಭ ಹೆಚ್ಚು, ಬೆಸೆಯುವ ಕೈ ದುರ್ಬಲವಾಗಿದ್ದಷ್ಟೂ ತಪ್ಪು ಉಳಿಯುವ ಸಂಭವ ಹೆಚ್ಚು. ಈ ವಿವರಣೆ ತರ್ಕಬದ್ಧವಾಗಿದೆ, ಇನ್ನೂ ಸಾಬೀತಾಗಿಲ್ಲ. ಗೆಡ್ಡೆಯ ಕೋಶಗಳಲ್ಲಿ ಪದೇಪದೇ ಕಾಣುವ ಬದಲಾವಣೆಗಳು ಜೆಎಕೆ 1 ಮತ್ತು ಎಸ್‌ಟಿಎಟಿ 3 ಎಂಬ ವಂಶವಾಹಿಗಳಲ್ಲಿವೆ. ಇವು ಬಹುತೇಕ ಹುಟ್ಟಿನಿಂದ ಬಂದವಲ್ಲ, ಆ ಕೋಶಗಳಲ್ಲೇ ನಂತರ ಉಂಟಾದವು. ಆದ್ದರಿಂದ ಬಿಆರ್‌ಸಿಎ ದೋಷವೊಂದೇ ಈ ರೋಗವನ್ನು ಹುಟ್ಟಿಸುತ್ತದೆ ಎಂದು ಯಾರೂ ತಿಳಿಯಬಾರದು.

ವಂಶವೃಕ್ಷ, ಮಂಗಳೂರು

ನಾನು ಆನುವಂಶಿಕ ಸಲಹೆಗಾರ್ತಿ. ಮೇಲಿನ ಚರ್ಚೆಗೆ ಇನ್ನೊಂದು ವಂಶವಾಹಿಯ ಹೆಸರು ಸೇರಿಸಬೇಕು: ಟಿಪಿ 53. ಇದರಲ್ಲಿ ಹುಟ್ಟಿನಿಂದ ದೋಷವಿದ್ದು ಹಲವು ಬಗೆಯ ಕ್ಯಾನ್ಸರಿನ ಅಪಾಯ ಹೆಚ್ಚಿರುವುದನ್ನು ಲೀ-ಫ್ರಾಮೆನಿ ಸಿಂಡ್ರೋಮ್ ಎನ್ನುತ್ತಾರೆ. ಈ ಸಿಂಡ್ರೋಮ್ ಇದ್ದು ಇಂಪ್ಲಾಂಟ್ ಇಡಿಸಿಕೊಂಡ ಕೆಲವು ಮಹಿಳೆಯರಲ್ಲೂ ಇದೇ ಲಿಂಫೋಮಾ ವರದಿಯಾಗಿದೆ. ಅವು ಒಂಟಿ ಪ್ರಕರಣಗಳ ವರದಿಗಳು, ಅವುಗಳಿಂದ ಅಪಾಯದ ಪ್ರಮಾಣ ಹೇಳಲಾಗದು. ಆದರೂ ಅಂಥ ಕುಟುಂಬದ ಮಹಿಳೆ ಮರುರಚನೆಯ ಬಗ್ಗೆ ಕೇಳಿದಾಗ ನಾನು ಅದನ್ನು ಹೇಳದೆ ಬಿಡುವುದಿಲ್ಲ.

ನಮ್ಮ ಕಡೆಯ ಮನೆಗಳಿಗೆ ಸಂಬಂಧಿಸಿದ ಮಾತೊಂದಿದೆ. ಬಿಆರ್‌ಸಿಎ ದೋಷ ಹೆಣ್ಣುಮಕ್ಕಳಿಂದ ಹೆಣ್ಣುಮಕ್ಕಳಿಗೆ ಮಾತ್ರ ಇಳಿಯುತ್ತದೆ ಎಂದು ನಂಬಿದವರು ಬಹಳ. ತಂದೆಯಿಂದಲೂ ಅಷ್ಟೇ ಸಮನಾಗಿ, ಪ್ರತಿ ಮಗುವಿಗೂ ಎರಡಕ್ಕೊಂದರ ಸಾಧ್ಯತೆಯಲ್ಲಿ, ಬರುತ್ತದೆ. ಸೋದರತ್ತೆಯ ಕಾಯಿಲೆಯನ್ನು ಮದುವೆಯ ಮಾತುಕತೆ ಕೆಡುತ್ತದೆಂದು ಮುಚ್ಚಿಟ್ಟ ಮನೆಗಳಲ್ಲಿ ಮುಂದಿನ ತಲೆಮಾರಿಗೆ ಎಚ್ಚರಿಕೆ ತಲುಪುವುದೇ ಇಲ್ಲ. ಸೋದರಮಾವನ ಜೊತೆ ಮದುವೆಯಾಗುವ ಪದ್ಧತಿ ಇರುವಲ್ಲಿ ಇನ್ನೊಂದು ಎಚ್ಚರ ಬೇಕು: ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ 2 ದೋಷವಿದ್ದು, ಮಗುವಿಗೆ ಇಬ್ಬರಿಂದಲೂ ಅದು ಬಂದರೆ ಫ್ಯಾಂಕೋನಿ ಅನೀಮಿಯಾ ಎಂಬ ತೀವ್ರ ಕಾಯಿಲೆ ಬರುತ್ತದೆ. ಅದರಲ್ಲಿ ಮಗುವಿಗೆ ಎಳೆವಯಸ್ಸಿನಲ್ಲೇ ರಕ್ತದ ಕ್ಯಾನ್ಸರ್ ಬರುವ ಅಪಾಯ ಬಹಳ. ಈ ವಂಶವಾಹಿಯ ಪಾತ್ರ ಸ್ತನಕ್ಕೆ, ಅಂಡಾಶಯಕ್ಕೆ ಸೀಮಿತವಲ್ಲ, ರಕ್ತಕೋಶಗಳಿಗೂ ಅದು ಬೇಕು ಎಂಬುದಕ್ಕೆ ಇದು ಸಾಕ್ಷಿ. ಲಿಂಫೋಮಾದ ನಂಟು ನನಗೆ ಅಸಂಭವವೆನಿಸದಿರಲು ಇದೂ ಒಂದು ಕಾರಣ.

ಹೊಳೆದಂಡೆಯವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಅಂಕಿ ಇನ್ನೊಂದಿದೆ. 2017ರ ದೊಡ್ಡ ಅಧ್ಯಯನದ ಪ್ರಕಾರ, 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ 1 ಇರುವವರಲ್ಲಿ ಶೇ. 72, ಬಿಆರ್‌ಸಿಎ 2 ಇರುವವರಲ್ಲಿ ಶೇ. 69. ನೀವು 2013ರಲ್ಲಿ ತೆಗೆಸಿಕೊಂಡದ್ದು ಆ ಅಪಾಯವನ್ನು. ಅದನ್ನು ಸುಮಾರು ಶೇ. 90ರಷ್ಟು ತಗ್ಗಿಸಿಕೊಂಡಿದ್ದೀರಿ. 355ಕ್ಕೆ ಒಂದು ಎಂಬುದನ್ನು ಹಲವು ಪಟ್ಟು ಹೆಚ್ಚಿಸಿದರೂ ಅದು ಆ ಶೇ. 72ರ ಹತ್ತಿರಕ್ಕೂ ಬರುವುದಿಲ್ಲ. ನೀವು ತಪ್ಪು ನಿರ್ಧಾರ ಮಾಡಿದಿರಿ ಎಂಬ ಭಾವನೆ ಬೇಡ.

ಸಂಪಿಗೆಮರ, ನ್ಯೂಜೆರ್ಸಿ

ವಂಶವೃಕ್ಷ ಅವರೇ, ನಿಮ್ಮ ಹೋಲಿಕೆಯನ್ನು ಒಪ್ಪುತ್ತೇನೆ, ಆದರೆ ಅದು ಅರ್ಧ ಮಾತ್ರ. ಸ್ತನ ತೆಗೆಸುವುದು ಬೇರೆ, ಇಂಪ್ಲಾಂಟ್ ಇಡಿಸುವುದು ಬೇರೆ. ಶೇ. 72ರ ಅಪಾಯ ಇಳಿದದ್ದು ಮೊದಲನೆಯದರಿಂದ, ಲಿಂಫೋಮಾದ ಅಪಾಯ ಹುಟ್ಟಿದ್ದು ಎರಡನೆಯದರಿಂದ. ಎರಡನ್ನೂ ಒಂದೇ ಗಂಟು ಕಟ್ಟಿ ಮಹಿಳೆಯ ಮುಂದಿಟ್ಟರೆ ಅವಳಿಗೆ ಎರಡನೆಯದರಲ್ಲಿ ಆಯ್ಕೆ ಇತ್ತು ಎಂಬುದೇ ತಿಳಿಯುವುದಿಲ್ಲ.

ವಂಶವೃಕ್ಷ, ಮಂಗಳೂರು

ಇದು ಸರಿಯಾದ ತಿದ್ದುಪಡಿ. ಇನ್ನು ಮುಂದೆ ನನ್ನ ಬಳಿ ಬರುವವರಿಗೆ ಎರಡನ್ನೂ ಬೇರೆಬೇರೆಯಾಗಿಯೇ ಹೇಳುತ್ತೇನೆ.

ಮಲ್ಲಿಗೆಬಳ್ಳಿ, ಬೆಂಗಳೂರು

ತಂಗಿಯ ಬಗ್ಗೆ ಕೇಳಿದ್ದೀರಿ, ಅದಕ್ಕಾಗಿ ಬರೆಯುತ್ತಿದ್ದೇನೆ. ನನಗೆ ಇಂಪ್ಲಾಂಟ್ ಇಲ್ಲ. ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳದೊಂದಿಗೆ ತೆಗೆದು ಎದೆಯಲ್ಲಿ ಜೋಡಿಸಿದ್ದಾರೆ. ಲಿಂಫೋಮಾದ ಈ ಚಿಂತೆ ನನಗಿಲ್ಲ ಎಂಬುದು ನಿಜ. ಆದರೆ ಶಸ್ತ್ರಚಿಕಿತ್ಸೆ ಇಡೀ ಒಂದು ದಿನ ಹಿಡಿಯಿತು, ನೆಟ್ಟಗೆ ನಿಂತು ನಡೆಯಲು ಮೂರು ವಾರ ಬೇಕಾಯಿತು, ಹೊಟ್ಟೆಯ ಮೇಲೆ ಸೊಂಟದಿಂದ ಸೊಂಟಕ್ಕೆ ಗಾಯದ ಗೆರೆ ಇದೆ. ತೀರ ತೆಳ್ಳಗಿರುವವರಿಗೆ ಇದು ಆಗದೆಯೂ ಹೋಗಬಹುದು. ಸೂಕ್ಷ್ಮ ರಕ್ತನಾಳ ಜೋಡಿಸುವ ಅನುಭವವಿರುವ ತಂಡವನ್ನು ಹುಡುಕಿಕೊಂಡು ಹೋಗಬೇಕು. ಏನನ್ನೂ ಇಡಿಸಿಕೊಳ್ಳದೆ ಇರುವುದೂ ಒಂದು ಪೂರ್ಣ ಆಯ್ಕೆಯೇ ಎಂದು ನಿಮ್ಮ ತಂಗಿಗೆ ಯಾರಾದರೂ ಹೇಳಿದ್ದಾರೆಯೇ? ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದರೆ ಬೇರೆ ನಿರ್ಧಾರ ಮಾಡುತ್ತಿದ್ದೆನೋ ಇಲ್ಲವೋ, ಕನಿಷ್ಠ ಯೋಚಿಸುತ್ತಿದ್ದೆ.

ಹೊಳೆದಂಡೆ, ಐಂಡ್‌ಹೋವನ್

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಇಷ್ಟು ತಾಳ್ಮೆಯಿಂದ ಉತ್ತರಿಸಿದ ಎಲ್ಲರಿಗೂ ನಾನು ಋಣಿ.

ಹಳೆಯ ಕಡತದಲ್ಲಿ ಇಂಪ್ಲಾಂಟಿನ ಕಾರ್ಡು ಸಿಕ್ಕಿತು. ಒರಟು ಮೇಲ್ಮೈ ಎಂದೇ ಇದೆ. ರಕ್ತವೈದ್ಯರು ಹೇಳಿದ್ದರಿಂದ ಎಕ್ಸ್‌ಪಾಂಡರ್ ಬಗ್ಗೆಯೂ ಕೇಳಿದೆ. ಅದೂ ಒರಟಿನದೇ ಆಗಿತ್ತು. ಅಲ್ಟ್ರಾಸೌಂಡ್‌ನಲ್ಲಿ ಎರಡೂ ಕಡೆ ದ್ರವವಿಲ್ಲ, ಗಂಟಿಲ್ಲ. ಇಲ್ಲಿನ ವೈದ್ಯರು ನನ್ನ ಬಿಆರ್‌ಸಿಎ ವಿಷಯವನ್ನು ತಾವೇ ಎತ್ತಿಕೊಂಡು, ಡಚ್ ಅಧ್ಯಯನವನ್ನು ಮುಂದಿಟ್ಟು ಮಾತಾಡಿದರು. ತೆಗೆಸಲೇಬೇಕೆಂದು ಹೇಳಲಿಲ್ಲ, ತೆಗೆಸಿದರೆ ತಪ್ಪೆಂದೂ ಹೇಳಲಿಲ್ಲ. ನನಗೆ 46, 75 ವರ್ಷಕ್ಕೆ ಇನ್ನೂ 29 ವರ್ಷ ಉಳಿದಿದೆ. ಛೇದ ಅವರು ವಿವರಿಸಿದಂತೆ ಈ ಅಪಾಯ ವರ್ಷಗಳೊಂದಿಗೆ ಬೆಳೆಯುವಂಥದ್ದು. ಈ ಇಂಪ್ಲಾಂಟ್‌ಗಳನ್ನು ಹೇಗೂ ಎಂದಾದರೊಮ್ಮೆ ಬದಲಿಸಬೇಕಾಗುತ್ತದೆ. ಆದ್ದರಿಂದ ಬರುವ ವಸಂತದಲ್ಲಿ ತೆಗೆಸಿಕೊಂಡು, ಪೊರೆಯನ್ನೂ ಪರೀಕ್ಷೆಗೆ ಕಳುಹಿಸಬೇಕೆಂದು ನಿರ್ಧರಿಸಿದ್ದೇನೆ. ಬದಲಿಗೆ ಏನನ್ನಾದರೂ ಇಡಿಸಬೇಕೆ ಎಂಬುದನ್ನು ಇನ್ನೂ ನಿರ್ಧರಿಸಿಲ್ಲ.

ತಂಗಿಯ ವಿಷಯ. ಸ್ತನ ತೆಗೆಸುವುದನ್ನು ಅವಳು ಒಂದು ದಿನವೂ ಮುಂದೂಡಲಿಲ್ಲ, ಅದು ಕಳೆದ ಗುರುವಾರ ನಡೆದಿದೆ. ಮರುರಚನೆಯನ್ನು ಸದ್ಯಕ್ಕೆ ಬಿಟ್ಟಿದ್ದಾಳೆ. ಮಲ್ಲಿಗೆಬಳ್ಳಿಯವರ ಮಾತನ್ನು ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಆತುರವಿಲ್ಲ ಅಲ್ಲವೇ ಅಕ್ಕಾ ಎಂದಳು.

ರಕ್ತವೈದ್ಯರಿಗೆ ಕೊನೆಯ ಪ್ರಶ್ನೆ. ವಸಂತದವರೆಗಿನ ಈ ತಿಂಗಳುಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸುತ್ತಿರಬೇಕೆ?

ರಕ್ತವೈದ್ಯ, ಬೆಂಗಳೂರು

ಲಕ್ಷಣವಿಲ್ಲದಿದ್ದರೆ ಈ ಲಿಂಫೋಮಾಕ್ಕಾಗಿಯೇ ಪದೇಪದೇ ಪರೀಕ್ಷೆ ಬೇಕಿಲ್ಲ. ಸಿಲಿಕೋನ್ ಇಂಪ್ಲಾಂಟ್ ಒಳಗೊಳಗೇ ಒಡೆದಿದೆಯೇ ಎಂದು ನೋಡಲು ಐದಾರು ವರ್ಷಕ್ಕೆ ಮೊದಲ ಬಾರಿ, ನಂತರ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಲು ಎಫ್‌ಡಿಎ ಹೇಳುತ್ತದೆ, ನಿಮ್ಮದು ಈಗಷ್ಟೇ ಆಗಿದೆ. ಈ ನಡುವೆ ಒಂದು ಕಡೆ ಊತ ಬಂದರೆ, ಆಕಾರ ಬದಲಾದರೆ, ಕಂಕುಳಲ್ಲಿ ಗಂಟು ಸಿಕ್ಕರೆ ವಸಂತಕ್ಕೆ ಕಾಯದೆ ಅದೇ ವಾರ ಹೋಗಿ. ಶಸ್ತ್ರಚಿಕಿತ್ಸೆಯ ದಿನ ಪೊರೆಯ ಜೊತೆ ಪ್ರಯೋಗಾಲಯಕ್ಕೆ ಹೋಗುವ ಚೀಟಿಯಲ್ಲಿ ಒರಟು ಮೇಲ್ಮೈ, ಎಷ್ಟು ವರ್ಷ, ಬಿಆರ್‌ಸಿಎ 1 ಎಂಬ ಮೂರನ್ನೂ ಬರೆಸಿ. ತಂಗಿಯ ಗಾಯ ಚೆನ್ನಾಗಿ ಮಾಯಲಿ.